ಹನಕೆರೆಯ ಫೋನು

ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಅಂಗಳದಲ್ಲೇ ಕೆಡವಿ ಶಿವರಾಜು ಫೋನೆತ್ತಿದ. ಬೆಳಗಿನಿಂದ ಅದು ಏಳನೆಯ ಕರೆ. ಕೊಟ್ಟಿಗೆಯಲ್ಲಿದ್ದ ಅವನ ತಾಯಿ ದೇವಿರಮ್ಮ ಸಗಣಿ ಕೈಯಲ್ಲೇ ಓಡಿ ಬಂದಳು.

“ಅನಕೆರೆಯೋರೇನ್ಲಾ?”

“ಅಲ್ಲ ಕಣವ್ವ. ನಂಗೆ ಐದು ಲಕ್ಸ ಸಾಲ ಮಂಜೂರಾಗೈತಂತೆ.”

“ನೀನ್ಯಾವಾಗ್ಲಾ ಕೇಳ್ದೆ?”

“ಕೇಳ್ದೋರ್ಗೆ ಎಲ್ಲವ್ವ ಕೊಟ್ಟರು? ಕೇಳ್ದೆ ಇರೋರ್ನ ಅಟ್ಟಾಡಿಸ್ಕೊಂಡು ಕೊಡ್ತರೆ.”

ಹಿಂದಿನ ಭಾನುವಾರ ತಾಯಿ ಮಗ ನಿಡಘಟ್ಟದಿಂದ ಹನಕೆರೆಗೆ ಹೋಗಿ ಹೆಣ್ಣು ನೋಡಿ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆದಮೇಲೆ ಹೆಣ್ಣಿನ ತಂದೆ ಬಾಗಿಲವರೆಗೂ ಬಂದು “ಫೋನ್ ಮಾಡಿ ತಿಳಿಸ್ತೀವಿ” ಅಂದಿದ್ದ. ಯಾವ ನಂಬರಿನಿಂದ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಗಂಡಿನ ಕಡೆಯವರು ಮೇಲೆ ಬಿದ್ದು ಫೋನ್ ಮಾಡಿದರೆ ಗಂಡಿನ ಬೆಲೆ ಇಳಿಯುತ್ತದೆ ಎಂಬುದು ದೇವಿರಮ್ಮನ ಕಾನೂನು. ಹಾಗಾಗಿ ಗುರುತಿಲ್ಲದ ಯಾವ ನಂಬರನ್ನೂ ಕಟ್ ಮಾಡುವಂತಿರಲಿಲ್ಲ.

ಇನ್ನೊಂದು ತೊಡಕಿತ್ತು. ಸಂಬಂಧ ತಂದ ಅಂಕಯ್ಯ “ಹುಡ್ಗ ಸಕ್ಕರೆ ಫ್ಯಾಕ್ಟ್ರಿ ಕಡೆ ಅವ್ನೆ” ಎಂದು ಹೇಳಿಬಿಟ್ಟಿದ್ದ. ಪೂರ್ತಿ ಸುಳ್ಳೇನಲ್ಲ. ವರ್ಷಕ್ಕೊಂದು ಸಲ ಶಿವರಾಜು ತನ್ನ ಕಬ್ಬಿನ ಲೋಡಿನ ಮೇಲೆ ಕೂತು ಫ್ಯಾಕ್ಟರಿ ಗೇಟಿನವರೆಗೂ ಹೋಗುತ್ತಿದ್ದ. ಬೇಸಾಯ ಅಂದಿದ್ದರೆ ಹನಕೆರೆಯವರು ಉಪ್ಪಿಟ್ಟಿಗೆ ರವೆಯನ್ನೂ ಹುರಿಯುತ್ತಿರಲಿಲ್ಲ. ಹಿಂದಿನ ಹನ್ನೊಂದು ಮನೆಯವರು ಹುರಿದಿರಲಿಲ್ಲ. “ಕೇಳುದ್ರೆ ಫ್ಯಾಕ್ಟ್ರಿ ಅನ್ನು. ಬಾಯ್ತಪ್ಪಿ ಬೇಸಾಯ ಅಂದ್ಗಿಂದ್ಬುಟ್ಟೀಯ” ಎಂದು ದೇವಿರಮ್ಮ ದಿನಕ್ಕೆರಡು ಸಲ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

ಹನಕೆರೆಯವರೊಬ್ಬರನ್ನು ಬಿಟ್ಟು ಮಿಕ್ಕ ಪ್ರಪಂಚವೆಲ್ಲ ಅವನಿಗೆ ಫೋನ್ ಮಾಡಿತು. ಮೈಸೂರಿನಲ್ಲಿ ಸೈಟು ಬೇಕಾ ಎಂದಿತು, ಷೇರು ಕೊಳ್ಳು ಎಂದಿತು. ಮೂವತ್ತೈದು ವರ್ಷದಲ್ಲಿ ಯಾರೂ ಕರೆಯದಷ್ಟು ಪ್ರೀತಿಯಿಂದ ‘ಡಿಯರ್ ಶಿವರಾಜು’ ಎಂದು ಮೆಸೇಜು ಕಳಿಸಿತು. ‘ನಿಮ್ಮ ಊರಿನ ಆಸುಪಾಸಿನಲ್ಲೇ ಇನ್ನೂರು ವಧುಗಳು ನಿಮಗಾಗಿ ಕಾಯುತ್ತಿದ್ದಾರೆ’ ಎಂದೂ ಒಂದು ಬಂತು. ಅದನ್ನು ಓದಿದಾಗ ಮಾತ್ರ ಅವನಿಗೆ ನಿಜವಾಗಿ ಕೋಪ ಬಂತು.

ಎಂಟನೆಯ ಕರೆ ಒಂದು ಹುಡುಗಿಯದು. ಕ್ರೆಡಿಟ್ ಕಾರ್ಡು. ಬೇಡವೆಂದು ಮೂರು ಸಲ ಅಂದರೂ ಬಿಡಲಿಲ್ಲ. ಹೆಣ್ಣು ದನಿ ಕೇಳಿದ್ದೇ ದೇವಿರಮ್ಮ ಸೆರಗಿಗೆ ಕೈ ಒರೆಸಿ ಫೋನು ಕಿತ್ತುಕೊಂಡಳು.

“ಯಾವೂರವ್ವ ನಿಮ್ದು?”

“ಹಲಗೂರ ಹತ್ರ, ಮೇಡಂ. ಈ ಕಾರ್ಡಿಗೆ ವರ್ಷದ ಚಾರ್ಜೇನೂ ಇಲ್ಲ ಮೇಡಂ.”

“ಅದಿರ್ಲಿ ಬುಡು. ಮದ್ವೆ ಆಗೈತಾ?”

“ಇಲ್ಲ ಮೇಡಂ. ಸಾರ್ ಏನು ಕೆಲಸ ಮಾಡ್ತಾರೆ ಮೇಡಂ?”

ಕೇಳಿದವರು ಹನಕೆರೆಯವರಲ್ಲವಲ್ಲ ಎಂದು ದೇವಿರಮ್ಮ ಧಾರಾಳವಾಗಿಯೇ ಹೇಳಿದಳು. “ಬೇಸಾಯ ಕಣವ್ವ. ಎರಡೆಕ್ರೆ ಕಬ್ಬು, ಒಂದೆಕ್ರೆ ಇಪ್ನೇರ್ಳೆ, ಮೂರು ಅಸ.”

“ಸಾರಿ ಮೇಡಂ, ರೈತರಿಗೆ ಆಗಲ್ಲ.”

“ಯಾವ್ದವ್ವ ಆಗಾಕಿಲ್ಲ, ಕಾರ್ಡಾ, ಮದ್ವೇನಾ?”

ಕರೆ ಕಟ್ಟಾಯಿತು. ಶಿವರಾಜುವಿಗೆ ಅವಮಾನವೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಬೈದರೂ ಹೋಗದ ಶನಿ ಒಂದೇ ಮಾತಿಗೆ ಹೋಗಿತ್ತು. ಒಂಬತ್ತನೆಯ ಕರೆಗೆ ಅವನು ಪರೀಕ್ಷೆ ಮಾಡಿಯೇ ನೋಡಿದ. ಏನು ಕೆಲಸ ಸಾರ್ ಎಂದರು, ಬೇಸಾಯ ಎಂದ, ಫೋನಿಟ್ಟರು. ಸಾಲದವರು ಇಟ್ಟರು, ಕಾರ್ಡಿನವರು ಇಟ್ಟರು. ಸೈಟಿನವನೊಬ್ಬ ಮಾತ್ರ “ಜಮೀನು ಮಾರೋದಿದ್ರೆ ಹೇಳಿ” ಅಂದು ಇಟ್ಟ. ಗುರುವಾರದ ಹೊತ್ತಿಗೆ ಕರೆಗಳು ದಿನಕ್ಕೆರಡಕ್ಕೆ ಇಳಿದವು. ಅವನ ಗೆಳೆಯ ದೇವರಾಜು ಇಂಥ ಕರೆ ತಡೆಯಲು ದುಡ್ಡು ಕೊಟ್ಟು ಏನೇನೋ ಆಪು ಹಾಕಿಸಿದ್ದವನು, ಎಲ್ಲ ತೆಗೆಸಿ ಇದನ್ನೇ ಹಿಡಿದ. ಟೀ ಅಂಗಡಿಯಲ್ಲಿ ಶಿವರಾಜು ಎರಡು ದಿನ ದೊಡ್ಡ ಮನುಷ್ಯನಾದ.

ಶನಿವಾರ ಫೋನು ಒಂದು ಸಲವೂ ಬಡಿದುಕೊಳ್ಳಲಿಲ್ಲ. ದೇವಿರಮ್ಮನಿಗೆ ಅದೇ ಹಿಂಸೆಯಾಯಿತು. “ಕರೆನ್ಸಿ ಐತೇನ್ಲಾ? ಕೆಟ್ಟೋಯ್ತೇನೋ ನೋಡು” ಎಂದು ಗಳಿಗೆಗೊಮ್ಮೆ ಹೇಳಿದಳು. ಅವನು ಚಾರ್ಜು ನೋಡಿದ, ಸಿಗ್ನಲ್ಲು ನೋಡಿದ. ಎಲ್ಲವೂ ಸರಿಯಾಗಿತ್ತು.

ಭಾನುವಾರ ಹನ್ನೊಂದು ಗಂಟೆಗೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. ದೇವಿರಮ್ಮ ಬಾಗಿಲಲ್ಲಿ ಬಂದು ನಿಂತಳು.

“ಶಿವರಾಜು ಅಲ್ವಾ?” ಒಬ್ಬ ಗಂಡಸಿನ ದನಿ. “ಏನ್ ಕೆಲಸ ಮಾಡ್ಕೊಂಡಿದ್ದೀರಿ?”

“ಬೇಸಾಯ,” ಎಂದುಬಿಟ್ಟ ಶಿವರಾಜು. ವಾರದ ರೂಢಿ, ನಾಲಿಗೆ ಅವನನ್ನು ಕೇಳಲಿಲ್ಲ.

ಕರೆ ಕಟ್ಟಾಯಿತು.

“ಯಾರ್ಲಾ? ಸಾಲದೋರಾ, ಅನಕೆರೆಯೋರಾ?”

ಶಿವರಾಜು ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರಡಿದ. ಹುಳುಗಳು ಸರಸರ ಮೇಯತೊಡಗಿದವು.

“ಗೊತ್ತಾಗ್ನಿಲ್ಲ ಕಣವ್ವ,” ಎಂದ. “ಇಬ್ರೂ ಒಂದೇ ತರ ಕಟ್ ಮಾಡ್ತರೆ.”