ಮೊದಲನೆಯ ಉಸಿರು

ಆಸ್ಪತ್ರೆಗಳು ಸಿಲಿಂಡರಿನ ಗ್ಯಾಸು ಬಳಸುವುದನ್ನು ಬಿಟ್ಟ ಮೇಲೆ, ಆಪರೇಷನ್ನಿನಲ್ಲಿ ರೋಗಿಯ ಹೊಟ್ಟೆ ಉಬ್ಬಿಸಲು ಮನೆಯವರ ಉಸಿರೇ ಬೇಕಾಗಿತ್ತು. ಉಬ್ಬಿದರೆ ಮಾತ್ರ ಒಳಗೆ ರೋಬಾಟಿನ ಕೈಗಳಾಡಲು ಜಾಗ. ನಿಜಗುಣಪ್ಪನವರ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ನಿಗೆ ಅವರ ಹೆಂಡತಿ ದಾಕ್ಷಾಯಣವ್ವ ಗಾಜಿನ ಗೋಡೆಯ ಈಚೆ ಕುಳಿತು, ನಳಿಕೆ ಬಾಯಿಗಿಟ್ಟು ಒಮ್ಮೆ ಊದಿದರು. ಮೀಟರಿನ ಮುಳ್ಳು ಕೆಂಪಿಗೆ ಹಾರಿತು. ರೋಬಾಟು ಕೈಗಳನ್ನು ಮೇಲೆತ್ತಿ ನಿಂತುಬಿಟ್ಟಿತು.

“ಅಮ್ಮಾರ, ಮೆಲ್ಲಕ ಊದ್ರಿ. ಒತ್ತಡ ಜಾಸ್ತಿ ಆದ್ರ ಅವರಿಗೇ ತ್ರಾಸು,” ಎಂದಳು ನರ್ಸ್. “ಸಿಟ್ಟಿನ್ಯಾಗ ಬಂದೀರೇನು?”

“ಮತ್ತ? ವರ್ಷದಿಂದ ಬ್ಯಾನಿ ಮುಚ್ಚಿಟ್ಟು, ನಿನ್ನೆ ಹೇಳ್ಯಾರ ನನಗ. ಅದೂ ಊದಾಕ ಒಬ್ಬರು ಬೇಕು ಅಂತ!”

“ನಿಮ್ಮ ಸಿಟ್ಟು ಇಳಿಯೋತನಕ ರೋಬಾಟು ಕೈ ಹಚ್ಚಂಗಿಲ್ರೀ.”

ಗಾಜಿನಾಚೆ ನಿಜಗುಣಪ್ಪ ಎಚ್ಚರವಿಲ್ಲದೆ ಮಲಗಿದ್ದರು. ಹಲ್ಲಿನ ಸೆಟ್ಟು ತೆಗೆದದ್ದರಿಂದ ಕೆನ್ನೆ ಒಳಗೆ ಹೋಗಿತ್ತು. ದಾಕ್ಷಾಯಣವ್ವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ದಿನಾ ಬೆಳಿಗ್ಗೆ ಗಂಡನಿಗಾಗಿ ಬಸಿಗೆ ಸುರಿದ ಚಹಾ ಆರಿಸುವಂತೆ ಊದತೊಡಗಿದರು. ಮುಳ್ಳು ಹಸಿರಿಗೆ ಇಳಿಯಿತು. ರೋಬಾಟು ಕೆಲಸ ಮುಗಿಸುವವರೆಗೂ ಅದು ಅಲ್ಲಿಂದ ಅಲುಗಲಿಲ್ಲ.

ಮರುದಿನ ಎದ್ದು ಕುಳಿತ ನಿಜಗುಣಪ್ಪ, “ಹೊಟ್ಟಿ ಏನೂ ನೋಯವಲ್ದು. ಈ ಬಲ ಭುಜಾನ ಹಿಡದೈತಿ ನೋಡು,” ಎಂದರು.

“ಒಳಗ ಉಳಿದ ಉಸಿರು ಭುಜಕ್ಕ ಏರತೈತ್ರಿ,” ಎಂದಳು ನರ್ಸ್. “ತಾನ ಹೋಗತೈತಿ.”

ದಾಕ್ಷಾಯಣವ್ವ ಬಸಿಯ ಚಹಾ ಮೆಲ್ಲಗೆ ಊದಿ, ಆರಿಸಿ, ಗಂಡನ ಕೈಗಿಟ್ಟರು.

“ಅದು ನನ್ನ ಮೊದಲನೇ ಉಸಿರು,” ಎಂದರು. “ಎರಡ ದಿನ ಇರ್ಲಿ.”