ಹಸಿರು ಪಟ್ಟಿಯ ಕೊಳವೆ

ರಕ್ತದ ಕೊಳವೆಗಳು ಅದಲುಬದಲಾಗಿವೆ ಎಂದು ಡಾಕ್ಟರ್ ವಿಬಿಸೊನೊ ಹೇಳಿದಾಗ ಲ್ಯಾಬಿನ ಯೊಸ್ತಿನಾ ವಾದಕ್ಕಿಳಿಯಲಿಲ್ಲ. ಯಂತ್ರ ಕೊಟ್ಟ ಎರಡೂ ಚೀಟಿಗಳನ್ನು ಅವರ ಮುಂದೆ ಪಕ್ಕಪಕ್ಕ ಇಟ್ಟಳು, ಅಷ್ಟೇ.

ಒಂದು ಫೆಬಿಯೊಲಾಳದು. ಕಡಲಪಾಚಿ ಒಣಗಿಸುವ ಹೆಂಗಸು; ಬೆಳಗಿನಿಂದ ಹೊಟ್ಟೆಯ ಬಲಭಾಗ ಹಿಡಿದುಕೊಂಡು ಆಸ್ಪತ್ರೆ ಹಾರಿಹೋಗುವಂತೆ ಅರಚುತ್ತಿದ್ದಳು. ಅವಳ ರಕ್ತದಲ್ಲಿ ಬಿಳಿ ಕಣ ಆರು ಸಾವಿರದ ಎಂಟುನೂರು, ಉರಿಯೂತ ತೋರಿಸುವ ಸಿಆರ್‌ಪಿ ನಾಲ್ಕು. ಡಾಕ್ಟರರ ಅನುಮಾನದಂತೆ ಅಪೆಂಡಿಕ್ಸ್ ಊದಿಕೊಂಡಿದ್ದರೆ ರಕ್ತ ಇಷ್ಟು ತಣ್ಣಗಿರುವುದು ಅಪರೂಪ. ಇನ್ನೊಂದು ಚೀಟಿ ಹಸಿರು ಪಟ್ಟಿಯ ಕೊಳವೆಯದು. ಬಿಳಿ ಕಣ ಹದಿನೇಳು ಸಾವಿರದ ನಾನೂರು, ಸಿಆರ್‌ಪಿ ತೊಂಬತ್ತಾರು.

ಹಸಿರು ಪಟ್ಟಿ ರೋಗಿಯ ಗುರುತಲ್ಲ. ಯಂತ್ರವನ್ನು ಪರೀಕ್ಷಿಸಲು ಸರಕಾರ ಕಳಿಸುವ ದ್ರವ ಈ ದ್ವೀಪ ಮುಟ್ಟುವಷ್ಟರಲ್ಲಿ ದೋಣಿಯ ಬಿಸಿಲಿಗೆ ಕೆಟ್ಟಿರುತ್ತಿತ್ತು. ಹಾಗಾಗಿ ಇಲ್ಲೊಂದು ರೂಢಿ. ದಿನಾ ಬೆಳಿಗ್ಗೆ ಆರೋಗ್ಯವಂತರೊಬ್ಬರ ರಕ್ತವನ್ನು ಹಸಿರು ಪಟ್ಟಿಯ ಕೊಳವೆಯಲ್ಲಿ ಮೊದಲು ಯಂತ್ರಕ್ಕೆ ಕೊಡುವುದು. ಅದು ಸರಿ ಬಂದರೆ ಯಂತ್ರ ಸರಿ. ಹನ್ನೊಂದು ವರ್ಷದಲ್ಲಿ ಆ ಕೊಳವೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಇಂದು ಫೆಬಿಯೊಲಾಳ ಗಲಾಟೆಯಲ್ಲಿ ಯೊಸ್ತಿನಾ ಎರಡನ್ನೂ ಒಟ್ಟಿಗೇ ಓಡಿಸಿದ್ದಳು.

ವಿಬಿಸೊನೊ ಸುರಬಾಯಾದಿಂದ ಬಂದು ತಿಂಗಳಾಗಿತ್ತು. ಇಲ್ಲಿನ ರೂಢಿಗಳು ಅವರಿಗೆ ಇನ್ನೂ ಮೈಗೆ ಹತ್ತಿರಲಿಲ್ಲ. ಯೊಸ್ತಿನಾಳನ್ನು ಅವರು ಇಬು, ಅಂದರೆ ಅಮ್ಮಾ, ಎಂದು ಕರೆಯುತ್ತಿದ್ದರು.

"ನೋವಿರೋಳ ರಕ್ತ ನೆಟ್ಟಗಿದೆ, ಆರೋಗ್ಯವಾಗಿರೋರ ರಕ್ತ ಕುದೀತಿದೆ. ನೀವೇ ಹೇಳಿ ಇಬು, ಯಾರಾದ್ರೂ ನಂಬ್ತಾರಾ?"

"ನಂದೇ ತಪ್ಪಿರಬಹುದು ಡಾಕ್ಟ್ರೇ."

ಅದನ್ನು ಹೇಳುವಾಗಲೂ ಅವಳಿಗೆ ಏನೂ ಅನಿಸಲಿಲ್ಲ. ಗಂಡ ಎಲಿಯಾಸ್‌ನನ್ನು ಕಡಲು ಕೊಂಡೊಯ್ದು ಎರಡು ತಿಂಗಳು. ಅಂದಿನಿಂದ ಬಿಸಿಲು, ಬೈಗುಳ, ಹಸಿವು ಒಂದೂ ಅವಳನ್ನು ತಾಗುತ್ತಿರಲಿಲ್ಲ. ನಿನ್ನೆ ತಂದ ಮರಗೆಣಸಿನ ರೊಟ್ಟಿ ಬುತ್ತಿಯಲ್ಲಿ ಹಾಗೇ ಇತ್ತು. ಅವಳು ಬಗ್ಗಿ ನಡೆಯುವುದನ್ನು ಕಂಡ ನರ್ಸುಗಳು, ದುಃಖ ಹೆಂಗಸಿನ ಸೊಂಟವನ್ನೇ ಮುರಿದುಬಿಟ್ಟಿತು ಎಂದು ಮರುಗಿದರು. ತಲೆನೋವಿಗೆಂದು ಶುರುವಾದ ಮಾತ್ರೆ ದಿನಕ್ಕೆ ಎಂಟಕ್ಕೆ ಏರಿತ್ತು. ಮೊಣಕೈ ಮಡಿಕೆಯಲ್ಲಿ ಅಂಟಿಸಿದ್ದ ಹತ್ತಿ ಬೆವರಿಗೆ ಜಾರುತ್ತಿತ್ತು, ಹೆಬ್ಬೆರಳಿನಿಂದ ಒತ್ತಿಕೊಂಡಳು.

ಡಾಕ್ಟರ್ ಫೆಬಿಯೊಲಾಳಿಗಾಗಿ ದೋಣಿ ಸಿದ್ಧಮಾಡಿಸಿದರು. ಆಪರೇಷನ್ ಆಗುವುದು ನಾಲ್ಕು ಗಂಟೆ ದೂರದ ದೊಡ್ಡ ದ್ವೀಪದಲ್ಲಿ. ನೀರು ಇಳಿಯುವ ಮೊದಲು ಹೊರಡದಿದ್ದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಮತ್ತೆ ಸಂಜೆಯೇ. ಜಿಲ್ಲಾ ಕಚೇರಿಗೆ ಯೊಸ್ತಿನಾಳ ತಪ್ಪಿನ ಬಗ್ಗೆ ಬರೆಯಲೇಬೇಕಾಗುತ್ತದೆ ಎಂದೂ ಹೇಳಿದರು.

ಫೆಬಿಯೊಲಾ ಸ್ಟ್ರೆಚರ್ ಮೇಲಿಂದ ಯೊಸ್ತಿನಾಳ ಅಂಗಿಯಂಚು ಹಿಡಿದೆಳೆದಳು. "ಕೊಯ್ದ್ರೆ ಕೊಯ್ಲಿ ಬಿಡು ಯೊಸಕ್ಕ. ನಮ್ಮತ್ತೆ ಪಕ್ಕ ಕೂತು ಪಾಚಿ ಒಣಗ್ಸೋದು ಒಂದ್ ತಿಂಗಳಾದ್ರೂ ತಪ್ಪುತ್ತೆ."

ಆಗ ಮಾತ್ರ ಯೊಸ್ತಿನಾಳ ಒಳಗೆ ಏನೋ ಚೂರು ಅಲುಗಿತು. ಇಲ್ಲದ ಕಾಯಿಲೆಗೆ ಈ ಹುಡುಗಿಯ ಹೊಟ್ಟೆ ಕೊಯ್ದರೆ?

"ನನ್ನ ಕೆಲ್ಸ ಹೋಗ್ಲಿ ಡಾಕ್ಟ್ರೇ. ಇವಳ ರಕ್ತ ಇನ್ನೊಂದ್ಸಲ ನೀವೇ ತೆಗೀರಿ. ನಾನು ಮುಟ್ಟೋದಿಲ್ಲ."

ವಿಬಿಸೊನೊ ತಾವೇ ತೆಗೆದರು, ತಾವೇ ಹೆಸರು ಬರೆದರು, ಯಂತ್ರದ ಮುಂದೆ ಕಾವಲು ನಿಂತರು. ಆರು ಸಾವಿರದ ಏಳುನೂರು, ಸಿಆರ್‌ಪಿ ನಾಲ್ಕು. ಅಷ್ಟರಲ್ಲಿ ಫೆಬಿಯೊಲಾ ಕಕ್ಕಸಿಗೆ ಓಡಿದಳು. ಬಹಳ ಹೊತ್ತಿನ ಮೇಲೆ ಹೊರಬಂದವಳು ಡಾಕ್ಟರರಿಂದ ಹೊಟ್ಟೆ ಒತ್ತಿಸಿಕೊಂಡು, ನೋವೇ ಇಲ್ಲವಲ್ಲ ಎಂದಳು. ರಾತ್ರಿ ಏಳು ಹಸಿ ಮಾವಿನಕಾಯಿ ತಿಂದಿದ್ದನ್ನೂ ಆಗ ಒಪ್ಪಿಕೊಂಡಳು.

ಕೊಳವೆಗಳು ಅದಲುಬದಲಾಗಿರಲಿಲ್ಲ. ಹಾಗಾದರೆ ಯಂತ್ರವೇ ಕೆಟ್ಟಿರಬೇಕು. ಡಾಕ್ಟರ್ ಅಂಗಿಯ ತೋಳು ಮಡಚಿ ತಮ್ಮದೇ ರಕ್ತ ತೆಗೆದು ಕೊಟ್ಟರು. ಅದೂ ನೆಟ್ಟಗೆ ಬಂತು. ಹಸಿರು ಪಟ್ಟಿಯ ಕೊಳವೆಯನ್ನು ಮತ್ತೊಮ್ಮೆ ಓಡಿಸಿದರು. ಮತ್ತೆ ಅದೇ ಹದಿನೇಳು ಸಾವಿರ, ಅದೇ ತೊಂಬತ್ತಾರು.

ಕೆಳಗೆ ದಡದಲ್ಲಿ ಖಾಲಿ ದೋಣಿಯಿಂದ ಅಂಬಿಗ ಕೂಗು ಹಾಕಿದ. ನೀರು ಇಳಿಯತೊಡಗಿತ್ತು.

ವಿಬಿಸೊನೊ ಕೊಳವೆಯನ್ನು ಬೆಳಕಿಗೆ ಹಿಡಿದರು. "ಇದು ಯಾರ ರಕ್ತ, ಇಬು? ಅವರೆಲ್ಲಿದಾರೆ? ದೋಣಿ ಬೇಕಾಗಿರೋದು ಅವರಿಗೆ."

ಹನ್ನೊಂದು ವರ್ಷದಿಂದ ಅದು ಅವಳಿಗೆ ಬರೀ ಯಂತ್ರದ ರಕ್ತವಾಗಿತ್ತು. ಯೊಸ್ತಿನಾ ನಿಧಾನವಾಗಿ ಅಂಗಿಯ ತೋಳು ಸರಿಸಿ, ಮೊಣಕೈ ಮಡಿಕೆಯಲ್ಲಿ ಬೆಳಿಗ್ಗೆ ಸೂಜಿ ಚುಚ್ಚಿದಲ್ಲಿ ಅಂಟಿದ್ದ ಹತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟಳು.