ಮುದುಡದ ಕಾರು

ಲಾರಿಗೆ ಗುದ್ದಿದ ಕಾರಿನ ಮೂತಿಯ ಮೇಲೆ ಟಿಂಕರ್ ಮತ್ತೊಮ್ಮೆ ಅಂಗೈ ಆಡಿಸಿ ನೋಡಿದ. ಬಣ್ಣ ಕಿತ್ತುಹೋಗಿತ್ತು, ಅಷ್ಟೇ. ಹೇಳಿಕೊಳ್ಳುವಂಥ ಸುಕ್ಕೇ ಬಿದ್ದಿರಲಿಲ್ಲ. ಒಳಗೆ ಅವನೇ ವೆಲ್ಡ್ ಮಾಡಿದ್ದ ಎರಡು ಕಬ್ಬಿಣದ ಪಟ್ಟಿಗಳು ಒಂದಿಷ್ಟೂ ಜಗ್ಗದೆ ಕೂತಿದ್ದವು. ಸ್ಟಿಯರಿಂಗ್ ಹಿಂದೆ ಕೂತಿದ್ದ ಅಣ್ಣ ಮಾತ್ರ ಉಳಿದಿರಲಿಲ್ಲ.

"ಈಗಿನ ಕಾರೆಲ್ಲ ಬರೀ ತಗಡಿನ ಡಬ್ಬ ಕಣಣ್ಣ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ" ಎಂದು ಹಠ ಹಿಡಿದು ಪಟ್ಟಿ ಹಾಕಿದ್ದು ಅವನೇ. "ಆಯ್ತಪ್ಪ, ಟ್ಯಾಂಕ್ ಮಾಡಿಕೊಡು" ಅಂತ ಅಣ್ಣ ನಕ್ಕಿದ್ದ. ಇವತ್ತು ಬೆಳಿಗ್ಗೆ ವಿಮೆಯವನು ಬಂದು ಆ ಪಟ್ಟಿಗಳ ಮೇಲೆ ಟಾರ್ಚ್ ಬಿಟ್ಟು, "ಯಾರ ಕೆಲಸ ಇದು? ಮೂತಿ ಮೆತ್ತಗೆ ಮಾಡಿರೋದೇ ಗುದ್ದಿದಾಗ ಮುದುಡಲಿ ಅಂತ. ಅದು ಮುದುಡಿದ್ರೆ ಒಳಗಿರೋರು ಉಳೀತಾರೆ" ಎಂದಿದ್ದ. ಗೊತ್ತಿಲ್ಲ ಎಂದುಬಿಟ್ಟಿದ್ದ ಟಿಂಕರ್.

ಅತ್ತಿಗೆ ಸೀಟಿನ ಕೆಳಗೆ ತಡಕಾಡಿ ಗಂಡನ ಕನ್ನಡಕ ತೆಗೆದಳು. "ಇದಕ್ಕೂ ಏನೂ ಆಗಿಲ್ಲ ನೋಡು. ನಿನ್ನ ಕೆಲಸ ಗಟ್ಟಿ ಕಣೋ, ಅವರ ಆಯಸ್ಸೇ ಅಷ್ಟಿತ್ತು" ಅಂದಳು. ಕನ್ನಡಕ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತ, "ಮಗಳ ಕಾರಿಗೂ ಇಂಥದ್ದೇ ಪಟ್ಟಿ ಹಾಕಿಕೊಡು. ಅವಳಾದರೂ ನನಗೆ ಉಳೀಲಿ."

"ಆಯ್ತು ಅತ್ತಿಗೆ" ಅನ್ನುವುದು ಅವನ ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡ.

"ಬೇಡ ಅತ್ತಿಗೆ" ಅಂದ, ಕಾರಿನ ಮೇಲಿಂದ ಕೈ ತೆಗೆಯದೆ. "ಅಣ್ಣ ತಿಂದ ಏಟನ್ನ ಇದು ತಿನ್ನಬೇಕಿತ್ತು. ತಿನ್ನೋಕೆ ನಾನೇ ಬಿಡಲಿಲ್ಲ."